ಪತ್ತು ಮತ್ತು ಪರಸ್ಪರ ಹೊಣೆ: ಕಣಗಿನಹಾಳದಿಂದ ಸ್ವಸಹಾಯ ಗುಂಪುಗಳವರೆಗೆ

ಸಾಮಾಜಿಕ ವಿಶ್ವಾಸವನ್ನು, ಅಂದರೆ ಎದುರಿನವರು ಕೊಟ್ಟ ಮಾತಿಗೆ ತಪ್ಪಲಾರರೆಂಬ ನಿರೀಕ್ಷೆಯನ್ನು, ಜನರ ಸ್ವಭಾವಗುಣವೆಂದು ಬಗೆಯುವುದು ರೂಢಿಯಾದರೂ, ಕರ್ನಾಟಕದ ಸಹಕಾರ ಚಳವಳಿಯ ಇತಿಹಾಸವನ್ನು ಗಮನಿಸಿದರೆ ಅದು ಕಟ್ಟಿ ಬೆಳೆಸಬೇಕಾದ ವ್ಯವಸ್ಥೆಯೆಂದು ತೋರುತ್ತದೆ. 'ಪತ್ತಿನ ಸಹಕಾರ ಸಂಘ' ಎಂಬ ಹೆಸರೇ ಇದನ್ನು ಸೂಚಿಸುತ್ತದೆ. ಪತ್ತು ಎಂದರೆ ಸಾಲವೂ ಹೌದು, ಸಾಲ ಹುಟ್ಟುವಂತೆ ಮಾಡುವ ಯೋಗ್ಯತೆಯೂ ಹೌದು.

1875ರಲ್ಲಿ ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟುಹಾಕಿದಾಗ, ಆ ಪತ್ತು ಸಂಪೂರ್ಣವಾಗಿ ಮುರಿದುಬಿದ್ದಿತ್ತು. ಅದೇ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ, 1904ರ ಸಹಕಾರ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದ ಮರುವರ್ಷವೇ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘವೊಂದನ್ನು ಸ್ಥಾಪಿಸಿದರು. ಗ್ರಾಮೀಣ ಸಂಘಗಳಿಗೆ ಆ ಕಾಯಿದೆ ವಿಧಿಸಿದ್ದ ಅಪರಿಮಿತ ಹೊಣೆಗಾರಿಕೆಯ ತತ್ವ ಇಲ್ಲಿ ವಿಶೇಷ ಗಮನಕ್ಕೆ ಅರ್ಹವಾಗಿದೆ: ಸಂಘ ಮುಳುಗಿದರೆ ಅದರ ಬಾಕಿಗೆ ಪ್ರತಿಯೊಬ್ಬ ಸದಸ್ಯನ ಆಸ್ತಿಯೂ ಗುರಿಯಾಗುತ್ತಿತ್ತು. ಆದ್ದರಿಂದ ಎತ್ತು ಕೊಳ್ಳಲೆಂದು ಒಬ್ಬ ಸಾಲ ಕೇಳಿದರೆ, ಆ ಹಣ ಕೊಟ್ಟಿಗೆಗೆ ಹೋಗುವುದೋ ಮದುವೆಯ ಚಪ್ಪರಕ್ಕೆ ಹೋಗುವುದೋ ಎಂಬುದನ್ನು ಬದುವಿನಾಚೆಯ ಹೊಲದವನು ಕಣ್ಣಿಟ್ಟು ನೋಡಲೇಬೇಕಾಗುತ್ತಿತ್ತು. ದೂರದ ಬ್ಯಾಂಕು ಎಷ್ಟು ಕಾಗದ ಕೇಳಿದರೂ ತಿಳಿಯಲಾರದ ಸಂಗತಿ ನೆರೆಯವನಿಗೆ ಖರ್ಚಿಲ್ಲದೆ ತಿಳಿಯುತ್ತಿತ್ತು. ಬಡ್ಡಿಯನ್ನು ಇಳಿಸಬಲ್ಲ ಶಕ್ತಿ ಇದ್ದದ್ದು ಈ ತಿಳಿವಳಿಕೆಯಲ್ಲಿಯೇ.

ಆದರೆ ಆಸ್ತಿಯೇ ಹೊಣೆಯ ಅಳತೆಯಾದಾಗ, ಆಸ್ತಿಯಿಲ್ಲದವರ ಮಾತಿಗೆ ಬೆಲೆ ಸಿಗುವುದು ಕಷ್ಟ. ಊರಿನ ಒಗ್ಗಟ್ಟನ್ನು ಕೊಂಡಾಡುವ ಬರಹಗಳು, ಕೂಲಿಯವರೂ ಹೆಂಗಸರೂ ಆ ಒಗ್ಗಟ್ಟಿನ ಹೊರಗೆ ಉಳಿದದ್ದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಇದು ಸಣ್ಣ ಲೋಪವಲ್ಲ, ಏಕೆಂದರೆ ಸಮಾಜದ ಕ್ಷೇಮವನ್ನು ಅಳೆಯಬೇಕಾದದ್ದು ಅವರ ಬದುಕಿನಿಂದಲೇ.

ಈ ದೃಷ್ಟಿಯಿಂದ 1980ರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯ ಕಾರ್ಯಕ್ಷೇತ್ರದಲ್ಲಿ ನಡೆದ ಬೆಳವಣಿಗೆ ಮಹತ್ವದ್ದು. ದೊಡ್ಡ ಸಹಕಾರ ಸಂಘಗಳು ಒಡೆದಾಗ, ಸದಸ್ಯರು ತಮಗೆ ಒಗ್ಗಿದವರೊಡನೆ ಸಣ್ಣ ಗುಂಪುಗಳಾಗಿ ಉಳಿತಾಯ ಆರಂಭಿಸಿದರು. ಸ್ವಸಹಾಯ ಗುಂಪುಗಳೆಂದು ಹೆಸರಾದ ಅಂಥ ಗುಂಪುಗಳನ್ನು ಒತ್ತೆಯಿಲ್ಲದೆಯೇ ಬ್ಯಾಂಕುಗಳೊಂದಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್ (ನಬಾರ್ಡ್) 1992ರಲ್ಲಿ ಕೈಗೊಂಡಿತು. ಇಲ್ಲಿ ಜಮೀನಿನ ಪಹಣಿಯ ಸ್ಥಾನವನ್ನು ಗುಂಪಿನ ಲೆಕ್ಕಪುಸ್ತಕ ಪಡೆಯಿತು: ಯಾರು ಎಷ್ಟು ಕಟ್ಟಿದರು, ಯಾರ ಕಂತು ಬಾಕಿಯಿದೆ, ಯಾರ ಮನೆಯ ಕಾಯಿಲೆಗಾಗಿ ಉಳಿದವರು ತಮ್ಮ ಸರದಿಯನ್ನು ಬಿಟ್ಟುಕೊಟ್ಟರು ಎಂಬುದೆಲ್ಲ ಸಭೆಯಲ್ಲಿ ಎಲ್ಲರೆದುರು ಓದಿ ದಾಖಲಾಗುವ, ಹೆಬ್ಬೆಟ್ಟಿನ ಗುರುತುಗಳೂ ಸಹಿಗಳೂ ಒಂದೇ ಪುಟದಲ್ಲಿ ಕೂಡಿರುವ ಪುಸ್ತಕ ಅದು.