ಝಗಮಗ ಮುಂಬೈನೊಳಗ ನಮ್ಮವರ ರಾತ್ರಿ



ಬರಹ ಸ್ವಲ್ಪ ಉದ್ದ ಐತಿ. ಪುರಸೊತ್ತು ಮಾಡ್ಕೊಂಡು ಓದ್ರಿ.

ನಮ್ಮ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆ ಹುಡುಗರ ಮೊಬೈಲಿನೊಳಗ ಮುಂಬೈ ಅಂದ್ರ ಏನು ಕಾಣ್ತೈತಿ? ಮರೀನ್ ಡ್ರೈವಿನ ದೀಪದ ಸಾಲು, ತಾಜ್ ಹೋಟೆಲು, ಬಾಂದ್ರಾದ ನಟರ ಬಂಗಲೆ, ನಡುರಾತ್ರಿ ಕುಣಿಯೋ ಪಬ್ಬು. "ಅಣ್ಣಾ, ಅದು ದೊಡ್ಡವರ ಊರು. ನಮ್ಮಂಥವರು ಹೋದ್ರ ಬರೇ ವಾಚ್‌ಮನ್ ಡ್ಯೂಟಿ" ಅಂತಾರ. ಈ ಮಾತು ಅರ್ಧ ಖರೇ, ಅರ್ಧ ಸುಳ್ಳು. ಆ ಊರಿನ ರಾತ್ರಿಗಳನ್ನು ಕಟ್ಟಿದವರೊಳಗ ನಮ್ಮವರೂ ಇದ್ದಾರೆ. ಅದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ, ಅಷ್ಟ.

ಮೊದಲು ಒಂದು ಮಾತು ನೆನಪಿಡಬೇಕು. 1956ರ ನವೆಂಬರ್ 1ರ ತನಕ ನಮ್ಮ ಧಾರವಾಡ ಜಿಲ್ಲೆಗೆ ರಾಜಧಾನಿ ಬೆಂಗಳೂರಲ್ಲ, ಮುಂಬೈ. ಕಾಯ್ದೆ ಅಲ್ಲಿಂದ ಬರ್ತಿತ್ತು, ಇಲ್ಲಿಯ ಹತ್ತಿ ಅಲ್ಲಿಗೆ ಹೋಗ್ತಿತ್ತು. ನಮ್ಮ ಎರೆಭೂಮಿಯಲ್ಲಿ ಬೆಳೆದ ಹತ್ತಿಗೆ 1860ರ ದಶಕದ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಬಂಗಾರದ ಬೆಲೆ ಬಂತು. ಆ ರೊಕ್ಕದಲ್ಲಿ ಮುಂಬೈನ ಸಾಹುಕಾರರು ಬಂಗಲೆ ಕಟ್ಟಿಸಿದರು, ಗಿರಣಿ ಹಾಕಿದರು. ಬಿಸಿಲಾಗ ಹತ್ತಿ ಬಿಡಿಸಿದ ನಮ್ಮ ಅವ್ವಂದಿರ ಹೆಸರು ಯಾವ ಗಿರಣಿಯ ಗೋಡೆ ಮೇಲೂ ಇಲ್ಲ. ಆದರೂ ಮುಂಬೈ ಝಗಮಗದೊಳಗ ಅವರ ಬೆವರಿನ ಪಾಲು ಐತಿ.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಅದಾದ ಮೇಲೆ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು, ಅದು ಕಟ್ಟಿದ್ದು ಬಿಐಟಿ ಚಾಳು. 1920ರ ದಶಕದಲ್ಲಿ ಸರ್ಕಾರ ವರ್ಳಿ, ನಾಯಗಾಂವ್, ಡೆಲಾಯಿಲ್ ರಸ್ತೆ, ಶಿವಡಿಗಳಲ್ಲಿ ಬಿಡಿಡಿ ಚಾಳುಗಳನ್ನು ಕಟ್ಟಿತು. ಒಟ್ಟು 207 ಕಟ್ಟಡ. ಒಂದೊಂದರೊಳಗ 80 ಖೋಲಿ, ಒಂದೊಂದು ಖೋಲಿ ಸುಮಾರು 160 ಚದರ ಅಡಿ. ಅಷ್ಟರೊಳಗ ಎಷ್ಟು ಮಂದಿ ಹಿಡಿಸ್ತಾರ ಹೇಳ್ರಿ? ಹಗಲು ಪಾಳಿಯವ ಬಂದು ಮಲಗಬೇಕಂದ್ರ ರಾತ್ರಿ ಪಾಳಿಯವ ಎದ್ದು ಹೋಗಬೇಕು. ಹಿಂಗಾಗಿ ಚಾಳಿನ ಬದುಕು ಖೋಲಿಯೊಳಗ ಇರಲಿಲ್ಲ, ಹೊರಗ ಇತ್ತು. ವರಾಂಡದಾಗ, ಮೆಟ್ಟಿಲ ಮೇಲೆ, ಎರಡು ಚಾಳುಗಳ ನಡುವಿನ ಮೈದಾನದಾಗ. ಹಗಲು ಗಿರಣಿ ಮಾಲೀಕನದು, ರಾತ್ರಿ ಮಾತ್ರ ತಮ್ಮದು.

ನಮ್ಮ ಬಾಬಾಸಾಹೇಬರು ಬೆಳೆದದ್ದೂ ಇಂಥ ರಾತ್ರಿಗಳಲ್ಲೇ. ಪರಳದ ಚಾಳಿನ ಒಂದೇ ಖೋಲಿಯಲ್ಲಿ ಇಡೀ ಮನೆತನ. ಮಗ ಬೇಗ ಮಲಗಬೇಕು. ತಂದೆ ರಾಮಜಿ ಎಚ್ಚರ ಇದ್ದು ಎರಡು ಗಂಟೆಗೆ ಮಗನನ್ನು ಎಬ್ಬಿಸಿ, ಓದಲು ಕೂಡಿಸಿ, ಆಮೇಲೆ ತಾವು ಮಲಗುವುದು. ಊರೆಲ್ಲ ಮಲಗಿದಾಗ ಮಾತ್ರ ಓದಲು ಬೇಕಾದ ಸದ್ದಿಲ್ಲದ ಜಾಗ ಸಿಗುತ್ತಿತ್ತು. ಸಂಜೆ ಹೊತ್ತು ಚರ್ನಿ ರೋಡ್ ತೋಟದಲ್ಲಿ ಕೂತು ಓದುತ್ತಿದ್ದ ಈ ಹುಡುಗನನ್ನು ಕಂಡು ಮಾತಾಡಿಸಿದವರು ಕೃಷ್ಣಾಜಿ ಅರ್ಜುನ ಕೆಳೂಸ್ಕರ್ ಮೇಷ್ಟ್ರು. 1907ರಲ್ಲಿ ಮೆಟ್ರಿಕ್ ಪಾಸಾದಾಗ ಅವರು ತಾವು ಬರೆದ ಬುದ್ಧನ ಚರಿತ್ರೆಯನ್ನು ಕೈಗಿಟ್ಟರು. 1956ರ ದೀಕ್ಷೆಯ ಬೀಜ ಆ ತೋಟದ ಬೆಂಚಿನ ಮೇಲೆ ಬಿದ್ದಿತ್ತು ಅಂದ್ರ ತಪ್ಪಾಗಲಿಕ್ಕಿಲ್ಲ. ಸೊಕ್ಕಿಲ್ಲದ ಮನುಷ್ಯ ದೊಡ್ಡ ಊರಿನಾಗೂ ಸಿಗ್ತಾನ, ಸಿಕ್ಕಾಗ ಚರಿತ್ರೆ ತಿರುಗ್ತೈತಿ.

1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಶುರುವಾದಾಗ ಅದರ ಕಚೇರಿ ಪರಳದ ದಾಮೋದರ ಹಾಲ್. ಸುತ್ತ ಗಿರಣಿ, ಸುತ್ತ ಚಾಳು. ಕೂಲಿ ಜನ ದುಡಿದು ಬರೋ ಹೊತ್ತಿಗೆ ಸಿಗುವಂಥ ಜಾಗ. 1928ರಲ್ಲಿ ಬಾಬಾಸಾಹೇಬರು ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿಯ ವಿದ್ಯಾರ್ಥಿ ನಿಲಯಗಳು ಪನವೇಲ್, ಠಾಣೆ, ನಾಶಿಕ, ಪುಣೆ, ಮತ್ತ ನಮ್ಮ ಧಾರವಾಡದಲ್ಲಿ ಶುರುವಾದವು. ಪರಳದಲ್ಲಿ ಹಚ್ಚಿದ ಕಂದೀಲಿನ ಬೆಳಕು ಇಲ್ಲೀತನಕ ಬಂತು ಅಂತ ತಿಳ್ಕೋರಿ. ಮುಂದೆ 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ, 1946ರಲ್ಲಿ ಸಿದ್ಧಾರ್ಥ ಕಾಲೇಜು, ದುಡಿಯುವವರಿಗಾಗಿ ರಾತ್ರಿ ಶಾಲೆ. ನಮ್ಮವರ 'ನೈಟ್ ಲೈಫ್' ಶುರುವಾಗೋದು ಹಿಂಗ.

ಬರೇ ಓದು ಅಲ್ಲ, ಹಾಡೂ ಇತ್ತು. ಮೊದಲು ಫುಲೆಯವರ ಸತ್ಯಶೋಧಕರ ಜಲಸಾ, ಆಮೇಲೆ 1930ರ ದಶಕದಿಂದ ಅಂಬೇಡ್ಕರಿ ಜಲಸಾ. ತಮಾಷಾದ ಢೋಲಕಿ, ತುಣತುಣಿ ಅವೇ. ಗಣಪತಿ ಸ್ತುತಿ, ಗೊಲ್ಲತಿಯರ ಚೇಷ್ಟೆ ಹೋದವು, ಅವುಗಳ ಜಾಗದಾಗ ಬಾವಿ ನೀರಿನ ಹಕ್ಕು, ಸತ್ತ ದನ ಹೊರೋದು ಬಿಡೋ ಮಾತು, ಮಕ್ಕಳನ್ನು ಶಾಲೆಗೆ ಕಳಿಸೋ ಮಾತು ಬಂದವು. ಭೀಮರಾವ್ ಕರ್ಡಕರ ಜಲಸಾ ಮೇಳ ಊರೂರು ತಿರುಗಿತು. ವಾಮನದಾದಾ ಕರ್ಡಕ್ ಅಂತ ಇನ್ನೊಬ್ಬರು. 1922ರಲ್ಲಿ ಹುಟ್ಟಿದವರು. ಮುಂಬೈಗೆ ಬಂದಾಗ ಅಕ್ಷರ ಬರ್ತಿರಲಿಲ್ಲ, ಶಿವಡಿ ಚಾಳಿನ ಬದುಕಿನಾಗ ಕಲಿತರು. ಆಮೇಲೆ ಸಾವಿರಾರು ಭೀಮಗೀತೆ ಕಟ್ಟಿದರು. ಟಿಕೆಟ್ ಇಲ್ಲ, ಪಾಸ್ ಇಲ್ಲ. ಒಂದು ಪೆಟ್ರೋಮ್ಯಾಕ್ಸ್, ಕೂಡಾಕ ನೆಲ. ಪುಸ್ತಕ ಓದಲು ಬಾರದ ಮಂದಿಗೆ ಪುಸ್ತಕವೇ ಎದ್ದು ಬಂದು ಹಾಡಿದಂಗ.

ಅಣ್ಣಾಭಾವು ಸಾಠೆಯವರನ್ನು ನಮ್ಮ ಹುಡುಗರು ಓದಲೇಬೇಕು. 1920ರಲ್ಲಿ ಮಾಂಗ್ ಕೇರಿಯಲ್ಲಿ ಹುಟ್ಟಿ, ಬಾಲ್ಯದಲ್ಲೇ ವಾಟೆಗಾಂವದಿಂದ ಮುಂಬೈಗೆ ನಡಕೊಂತ ಬಂದವರು. ಗಿರಣಿಯಲ್ಲಿ ದುಡಿದರು, 1944ರಲ್ಲಿ ಅಮರ್ ಶೇಖ್, ಗವಾಣಕರ್ ಜೊತೆ ಲಾಲ್ ಬಾವಟಾ ಕಲಾಪಥಕ ಕಟ್ಟಿದರು. ಮುಂಬೈ ಮೇಲೆ ಅವರು ಕಟ್ಟಿದ ಲಾವಣಿಯಲ್ಲಿ ಆ ಊರಿಗೆ ಎರಡು ಮುಖ: ಒಂದು ಕಡೆ ಮಲಬಾರ್ ಹಿಲ್ಲಿನ ಮಹಲು, ಇನ್ನೊಂದು ಕಡೆ ಕೂಲಿಯವರ ಓಣಿ. ಸ್ವಾತಂತ್ರ್ಯ ಬಂದ ಹೊಸದಾಗಿ ಮುಂಬೈ ಸರ್ಕಾರ ತಮಾಷಾ ಬಂದ್ ಮಾಡಿತು. ಅಶ್ಲೀಲ ಅಂತ ನೆಪ. ಅಣ್ಣಾಭಾವು ಅದನ್ನೇ ಲೋಕನಾಟ್ಯ ಮಾಡಿ ಆಡಿಸಿದರು. 1949ರಲ್ಲಿ ಅದೇ ಸರ್ಕಾರದ ಪಾನನಿಷೇಧ ಕಾಯ್ದೆ ಬಂತು, ನಮ್ಮ ಧಾರವಾಡಕ್ಕೂ ಅನ್ವಯ ಆಯ್ತು. ಶ್ರೀಮಂತರಿಗೆ ಆರೋಗ್ಯದ ಹೆಸರಿನ ಪರ್ಮಿಟ್, ಬಡವರಿಗೆ ಪೊಲೀಸ್ ಲಾಠಿ. ರಾತ್ರಿ ಯಾರದ್ದು ಮೋಜು, ಯಾರದ್ದು ಗುನ್ಹೆ ಅನ್ನೋದನ್ನು ಕಾಯ್ದೆಯೂ ಜಾತಿ-ವರ್ಗ ನೋಡೇ ಹೇಳ್ತೈತಿ.

ಇನ್ನೊಂದು ಮಾತು ಮುಚ್ಚಿಡಬಾರದು. ಅಣ್ಣಾಭಾವು ಅವರ ಅತಿ ಪ್ರಸಿದ್ಧ ಹಾಡಿನಲ್ಲಿ ಬೆಳಗಾವಿ, ಕಾರವಾರ ಮಹಾರಾಷ್ಟ್ರಕ್ಕೆ ಸೇರಬೇಕೆಂಬ ಹಂಬಲ ಐತಿ. ಕನ್ನಡಿಗನಾಗಿ ನಾನದನ್ನು ಒಪ್ಪಲ್ಲ. ಆದ್ರ ಗಡಿ ಒಪ್ಪಲಿಲ್ಲ ಅಂತ ಆ ಮನುಷ್ಯನ ಕಣ್ಣೀರನ್ನು ಬಿಡಲಿಕ್ಕಾಗಲ್ಲ. ಊರಿನಾಗ ಬಿಟ್ಟು ಬಂದ ಹೆಂಡತಿಯನ್ನು ನೆನೆದು ಚಾಳಿನಾಗ ಅಳೋ ಕೂಲಿಗೆ ಮರಾಠಿ ಏನು, ಕನ್ನಡ ಏನು?

ನಮ್ಮ ಕುಂದಗೋಳದ ಮಾತೂ ಇಲ್ಲಿ ಬರ್ತೈತಿ. ಸವಾಯಿ ಗಂಧರ್ವರ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಾಗ ಓಡಾಡಿದರು. ಜಾತಿಯ ಕುಹಕ ಆಕೆಯನ್ನೂ ಬಿಡಲಿಲ್ಲ. ನಮ್ಮ ಭಾಗದ ಗಾಯಕರು ಮುಂಬೈಗೆ ಹೋಗಿ ಹಾಡಿದಾಗ ಬರೇ ಸೇಠರ ದಿವಾನಖಾನೆ ಇರಲಿಲ್ಲ. ಗಣೇಶೋತ್ಸವದಾಗ ಗಿರಗಾಂವ್, ದಾದರದ ಬೀದಿಗಳಲ್ಲಿ ರಾತ್ರಿಯಿಡೀ ಬಯಲು ಕಛೇರಿ. ಪಾಳಿ ಮುಗಿಸಿ ಬಂದ ಕೂಲಿ ರಸ್ತೆ ಮೇಲೆ ಕೂತು ಖಯಾಲು ಕೇಳಿದ. ಕಲೆ ಬೀದಿಗೆ ಬಂದಾಗ ಯಾರ ಅಪ್ಪಣೆಯೂ ಬೇಕಾಗಲ್ಲ.

ಇಷ್ಟು ಓದಿ "ಆಹಾ, ಎಂಥಾ ಚೆಂದ ಕಾಲ" ಅನ್ನಬ್ಯಾಡ್ರಿ. ಸಾದಾ ಮಂದಿ ಅಂದ್ರ ಜಾತಿ ಇಲ್ಲದ ಮಂದಿ ಅಂತ ಅರ್ಥ ಅಲ್ಲ. ಗಿರಣಿಯ ನೇಯ್ಗೆ ಖಾತೆಯಲ್ಲಿ ಪಗಾರ ಹೆಚ್ಚು, ಆದ್ರ ಅಲ್ಲಿ ನಮ್ಮವರಿಗೆ ಜಾಗ ಇರಲಿಲ್ಲ. ಲಾಳಿಯ ನೂಲನ್ನು ಬಾಯಿಂದ ಎಳೀಬೇಕಿತ್ತು. ಅಸ್ಪೃಶ್ಯನ ಎಂಜಲು ತಮಗೆ ತಾಗಬಾರದು ಅಂತ ಜೊತೆಯ ಕೂಲಿಗಳೇ ತಡೆದರು. 1928ರ ದೊಡ್ಡ ಮುಷ್ಕರದ ಕಾಲಕ್ಕೆ ಬಾಬಾಸಾಹೇಬರು ಇದನ್ನೂ ಬೇಡಿಕೆಯೊಳಗ ಸೇರಿಸ್ರಿ ಅಂತ ಪಟ್ಟು ಹಿಡಿದರು. 1974ರ ಜನವರಿಯಲ್ಲಿ ವರ್ಳಿಯ ಬಿಡಿಡಿ ಚಾಳಿನಲ್ಲಿ ದಲಿತ ಪ್ಯಾಂಥರ್ ಸಭೆ ಮೇಲೆ ಕಲ್ಲು ಬಿದ್ದವು. ಮುಂದೆ 10ರಂದು ಮೆರವಣಿಗೆಯಲ್ಲಿದ್ದ ಭಾಗವತ ಜಾಧವರ ಮೇಲೆ ಬೀಸುಕಲ್ಲು ಎತ್ತಿ ಹಾಕಿ ಕೊಂದರು. ಜಲಸಾ ಕೇಳಿದ ಓಣಿಗಳಲ್ಲೇ ಆ ಕಲ್ಲು ಬಿತ್ತು.

ಝಗಮಗ ರಾತ್ರಿಯ ಅಡಿಯಲ್ಲಿ ನಮ್ಮ ಅಕ್ಕ-ತಂಗಿಯರೂ ಇದ್ದರು. ಬೆಳಗಾವಿ, ವಿಜಾಪುರ, ಧಾರವಾಡ ಕಡೆಯಿಂದ ಮುತ್ತು ಕಟ್ಟಿಸಿಕೊಂಡ ದಲಿತ ಹೆಣ್ಣುಮಕ್ಕಳನ್ನು ಕಾಮಾಠಿಪುರಕ್ಕೆ ಸಾಗಿಸಿದರು. 1934ರಲ್ಲೇ ಮುಂಬೈ ದೇವದಾಸಿ ರಕ್ಷಣಾ ಕಾಯ್ದೆ ಇತ್ತು, 1982ರಲ್ಲಿ ಕರ್ನಾಟಕದ ಕಾಯ್ದೆ ಬಂತು. ಕಾಯ್ದೆ ಇದ್ದಷ್ಟೂ ಕಾಲ ಸಾಗಾಟವೂ ನಡೀತು. 1972ರಲ್ಲಿ ನಾಮದೇವ ಢಸಾಳರು 'ಗೋಲಪಿಠಾ' ಪ್ರಕಟಿಸಿದಾಗ ಆ ಓಣಿಯ ರಾತ್ರಿ ಮರಾಠಿ ಕಾವ್ಯದ ನಡುಮನೆಗೆ ಬಂದು ಕೂತಿತು. ನಮ್ಮ ಕನ್ನಡದ ಹೆಣ್ಣುಮಕ್ಕಳು ಅಲ್ಲಿ ಕಳೆದ ರಾತ್ರಿಗಳ ಲೆಕ್ಕ ಕನ್ನಡದೊಳಗ ಇನ್ನೂ ಪೂರ್ತಿ ಬರಬೇಕಾಗೈತಿ.

1982ರ ಜನವರಿ 18ಕ್ಕೆ ಶುರುವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕೂಲಿಕಾರರಿದ್ದರು. ಮುಷ್ಕರ ಸೋತಿತು, ಗಿರಣಿ ಮುಚ್ಚಿದವು. ಆ ಜಾಗದಾಗ ಇವತ್ತು ಮಾಲು, ಪಬ್ಬು, ಗಾಜಿನ ಗೋಪುರ. ನಮ್ಮ ಹುಡುಗರು ಮೊಬೈಲಿನಾಗ ನೋಡೋ 'ನೈಟ್ ಲೈಫ್' ನಡೆಯೋದು ಎಷ್ಟೋ ಕಡೆ ಕೂಲಿಗಳ ಸೈರನ್ ಕೂಗಿದ ಅಂಗಳದಲ್ಲೇ. ಬಿಡಿಡಿ ಚಾಳುಗಳನ್ನೂ ಈಗ ಕೆಡವಿ, 160ರ ಬದಲು 500 ಚದರ ಅಡಿಯ ಮನೆ ಕೊಡ್ತಿದ್ದಾರೆ. ಒಳ್ಳೇದೇ, ಶೌಚಾಲಯಕ್ಕೆ ಸಾಲು ನಿಂತವರಿಗೇ ಅದರ ಬೆಲೆ ಗೊತ್ತು. ಆದ್ರ ಮನೆ ಸಿಕ್ಕರೂ ಆ ವರಾಂಡ, ಮೈದಾನ ಸಿಗಲ್ಲ. ಜಲಸಾ ಎಲ್ಲಿ ಕೂಡಬೇಕು?

ಆ ಪ್ರಶ್ನೆಗೆ ವರ್ಷಕ್ಕೊಮ್ಮೆಯಾದರೂ ಉತ್ತರ ಸಿಗ್ತೈತಿ. ಡಿಸೆಂಬರ್ 5ರ ರಾತ್ರಿ ದಾದರಕ್ಕೆ ಹೋಗ್ರಿ. 1956ರ ಡಿಸೆಂಬರ್ 7ರಂದು ಬಾಬಾಸಾಹೇಬರನ್ನು ಬೀಳ್ಕೊಟ್ಟ ಕಡಲ ದಂಡೆಯೇ ಇವತ್ತಿನ ಚೈತ್ಯಭೂಮಿ. ಲಕ್ಷಗಟ್ಟಲೆ ಮಂದಿ ಬುತ್ತಿ ಕಟ್ಟಿಕೊಂಡು ಬಂದಿರ್ತಾರ. ಶಿವಾಜಿ ಪಾರ್ಕಿನ ನೆಲದ ಮೇಲೆ ಮಲಗ್ತಾರ, ಪುಸ್ತಕದಂಗಡಿ ಮುಂದ ಮುಗಿಬೀಳ್ತಾರ, ಅಲ್ಲಲ್ಲಿ ಭೀಮಗೀತೆ. ಅವತ್ತು ಆ ಝಗಮಗ ಊರು ನಮ್ಮ ಕೇರಿಯಂಗ ಕಾಣ್ತೈತಿ. ಹೊದಿಕೆ ಇಲ್ಲದವನಿಗೆ ಪಕ್ಕದವ ಅರ್ಧ ಹೊದಿಕೆ ಸರಿಸ್ತಾನ.

ಕಡೀ ಮಾತು. ನಮ್ಮ ತಾಲೂಕುಗಳ ಕೇರಿಗಳಲ್ಲಿ ಮುಂಬೈ ಕಂಡ ಹಿರಿಯರು ಇನ್ನೂ ಅದಾರ. ಬಂದರಿನಾಗ, ಗಿರಣಿಯಾಗ, ಕಟ್ಟಡದ ಕೆಲಸದಾಗ ದುಡಿದು ಬಂದವರು. ಈ ವಾರ ಒಬ್ಬರ ಹತ್ತಿರ ಹೋಗಿ ಕೂಡ್ರಿ. "ಅಜ್ಜಾ, ಅಲ್ಲಿ ರಾತ್ರಿ ಹೊತ್ತು ಏನ್ ಮಾಡ್ತಿದ್ರಿ?" ಅಂತ ಕೇಳ್ರಿ. ಅಜ್ಜಿಯರನ್ನೂ ಕೇಳ್ರಿ. ಮೊಬೈಲಿನಾಗ ರೆಕಾರ್ಡ್ ಮಾಡ್ಕೊರಿ, ಅವರು ಒಪ್ಪಿದರ ಬರೆದು ಹಾಕ್ರಿ. ನಾವು ಬರೀಲಿಲ್ಲಂದ್ರ ಮುಂಬೈ ಚರಿತ್ರೆಯಲ್ಲಿ ತಾಜ್ ಹೋಟೆಲ್ ಉಳೀತೈತಿ, ನಮ್ಮಜ್ಜ ಉಳಿಯೋದಿಲ್ಲ.

ಜೈ ಭೀಮ್.