ಕವಾಟ ಬದಲಾದ ಮೇಲೆ: ಅಬ್ಬಿಗೆರೆಯ ಹೆಣ್ಣುಮಗಳು ಯಾವ ಕಾಲಂಗೆ ಸೇರುತ್ತಾಳೆ?

ಹೃದಯದ ಕವಾಟ ಬದಲಿಸಿಕೊಂಡವರ ಮುಂದಿನ ಗತಿಯನ್ನು ಅಳೆಯುವಾಗ ಅಮೆರಿಕದ ಸಂಶೋಧಕರು ರೋಗಿಗಳನ್ನು ಲಿಂಗದಿಂದಲೂ ಜನಾಂಗದಿಂದಲೂ ವಿಂಗಡಿಸುತ್ತಾರೆ. ಆ ಎರಡನೆಯ ಜರಡಿಯನ್ನು ಉತ್ತರ ಬೆಂಗಳೂರಿನ ಅಬ್ಬಿಗೆರೆಗೆ ತಂದರೆ ಎಲ್ಲರೂ ‘ಏಷ್ಯನ್ನರು’ ಎಂಬ ಒಂದೇ ಕಾಲಂಗೆ ಬೀಳುತ್ತಾರೆ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯ ಪ್ರಮಾಣದಲ್ಲಿ ವಂಶವಾಹಿಗೆ ಪಾತ್ರವಿದೆ, ನಿಜ; ಚೀನಾ, ಜಪಾನಿನವರಿಗೆ ಸಾಮಾನ್ಯವಾಗಿ ಕಡಿಮೆ ಮಾತ್ರೆ ಸಾಕು. ಆದರೆ ನಮ್ಮ ರೋಗಿಗಳ ನಡುವಿನ ದೊಡ್ಡ ಅಂತರ ಬೇರೆಡೆ ಇದೆ. ಹೆಣ್ಣಿನ ಕವಾಟ ಎಷ್ಟು ಕಾಲ ಸರಿಯಾಗಿ ನಡೆಯುತ್ತದೆ ಎಂಬುದು ಆಪರೇಷನ್ನಿನ ಜತೆಗೆ ಆಮೇಲಿನ ವರ್ಷಗಳ ರಕ್ತಪರೀಕ್ಷೆಯನ್ನೂ ಅವಲಂಬಿಸಿದೆ ಎಂಬುದು ನನ್ನ ವಾದ.

ಮೊದಲು ರೋಗವೇ ಬೇರೆ. ಶ್ರೀಮಂತ ದೇಶಗಳಲ್ಲಿ ಕವಾಟದ ಕಾಯಿಲೆ ಬಹುಮಟ್ಟಿಗೆ ಮುಪ್ಪಿನದು. ಹೆಂಗಸರನ್ನಷ್ಟೇ ಸೇರಿಸಿಕೊಂಡು 2024ರಲ್ಲಿ ಫಲಿತಾಂಶ ಪ್ರಕಟಿಸಿದ ಯುರೋಪಿನ ‘ರಿಯಾ’ ಪ್ರಯೋಗದಲ್ಲಿ ಅವರ ಸರಾಸರಿ ವಯಸ್ಸು 73. ಆಫ್ರಿಕಾದ 12 ದೇಶಗಳು, ಭಾರತ ಮತ್ತು ಯೆಮನ್‌ನ 3,343 ರುಮ್ಯಾಟಿಕ್ ಹೃದ್ರೋಗಿಗಳನ್ನು ಗಮನಿಸಿದ ‘ರೆಮೆಡಿ’ ಅಧ್ಯಯನದಲ್ಲಿ (2015) ಮೂರನೆಯ ಎರಡು ಪಾಲು ಹೆಣ್ಣುಮಕ್ಕಳು. ಮಧ್ಯಕ ವಯಸ್ಸು 28. ಬಾಲ್ಯದ ಗಂಟಲುನೋವು, ಕೀಲುನೋವಿನ ಜ್ವರ ಮೈಟ್ರಲ್ ಕವಾಟವನ್ನು ಕೆಡಿಸಿ, ಮದುವೆ, ಬಸಿರಿನ ವಯಸ್ಸಿಗೆ ಬಂದು ಏದುಸಿರಾಗಿ ಕಾಣಿಸಿಕೊಳ್ಳುತ್ತದೆ.

ಈ ವಯಸ್ಸಿನಲ್ಲಿ ಯಾವ ಕವಾಟ ಹಾಕಬೇಕು? ಜೈವಿಕ ಕವಾಟ ಎಳೆಯರಲ್ಲಿ ಬೇಗ ಸವೆಯುತ್ತದೆ. ಯಾಂತ್ರಿಕ ಕವಾಟ ಬಾಳುತ್ತದೆ. ಮುಂದೆ ಮಣಿಪಾಲದಲ್ಲಿ ಕುಲಪತಿಯಾದ ಎಂ.ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ತಿರುವನಂತಪುರದಲ್ಲಿ ರೂಪುಗೊಂಡು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಗೆ ಜೋಡಿಸಲಾದ ಚಿತ್ರಾ ಕವಾಟ ಅದನ್ನು ಬಡವರ ಕೈಗೂ ಎಟುಕಿಸಿತು. ಆದರೆ ಅದಕ್ಕೆ ಜೀವಮಾನವಿಡೀ ವಾರ್ಫರಿನ್ ಅಥವಾ ಅದರ ಜಾತಿಯ ಮಾತ್ರೆ ಬೇಕು. ಆ ಮಾತ್ರೆ ಮಾಸು ದಾಟಿ ಕೂಸನ್ನು ತಲುಪುತ್ತದೆ. ಮಾಸು ದಾಟದ ಹೆಪಾರಿನ್‌ಗೆ ಬದಲಾಯಿಸಿದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು. ‘ರೋಪ್ಯಾಕ್’ ಎಂಬ ಅಂತರರಾಷ್ಟ್ರೀಯ ದಾಖಲೆಯಲ್ಲಿ (2015) ಯಾಂತ್ರಿಕ ಕವಾಟವಿದ್ದ 212 ಬಸಿರಿಯರ ಪೈಕಿ ತೊಡಕಿಲ್ಲದೆ ಜೀವಂತ ಮಗು ಪಡೆದವರು ಶೇ. 58, ಜೈವಿಕ ಕವಾಟದವರಲ್ಲಿ ಅದು ಶೇ. 79. ಯಾವ ಗಂಡಸಿಗೂ ಈ ಲೆಕ್ಕ ಹಾಕುವ ಪ್ರಸಂಗ ಬರುವುದಿಲ್ಲ. ಲಿಂಗಭೇದದ ಚರ್ಚೆ ಇಲ್ಲಿಂದ ಶುರುವಾಗಬೇಕು.

ಯಾಂತ್ರಿಕ ಮೈಟ್ರಲ್ ಕವಾಟವಿದ್ದವರಲ್ಲಿ ರಕ್ತ ಹೆಪ್ಪುಗಟ್ಟುವ ವೇಗವನ್ನು ತಿಳಿಸುವ ರಕ್ತಪರೀಕ್ಷೆಯ ಅಳತೆಯಾದ ಐಎನ್‌ಆರ್ ಸಾಮಾನ್ಯವಾಗಿ 2.5ರಿಂದ 3.5ರೊಳಗೆ ಇರಬೇಕು. ಇಳಿದರೆ ಹೆಪ್ಪು, ಲಕ್ವ. ಏರಿದರೆ ರಕ್ತಸ್ರಾವ, ಮುಟ್ಟಿನ ದಿನಗಳಲ್ಲೂ ವಿಪರೀತ ಸ್ರಾವ. ಪರೀಕ್ಷೆಯ ಕಾಟವಿಲ್ಲದ ಹೊಸ ಮಾತ್ರೆ ಡಾಬಿಗಟ್ರಾನ್ ಯಾಂತ್ರಿಕ ಕವಾಟಗಳಿಗೆ ಹೊಂದಲಿಲ್ಲ. ಅದರ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಹಾಗಾಗಿ ವಾರ್ಫರಿನ್ನೂ ಅದರ ರಕ್ತಪರೀಕ್ಷೆಯೂ ತಪ್ಪುವುದಿಲ್ಲ. ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಅಬ್ಬಿಗೆರೆಯ ಹೆಂಗಸು ಆ ಪರೀಕ್ಷೆಗೆ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗಬೇಕೆಂದರೆ ನಗರವನ್ನೇ ದಾಟಬೇಕು. 2025ರ ಆಗಸ್ಟಿನಿಂದ ಜಾಲಹಳ್ಳಿಯಲ್ಲಿ ಮೆಟ್ರೊ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ ಆಸ್ಪತ್ರೆಯ ಹೆಸರಿನ ನಿಲ್ದಾಣದಲ್ಲೇ ಇಳಿಯಬಹುದು. ಸುಖವಾಯಿತು, ಆದರೂ ಆ ದಿನದ ಕೂಲಿ ಹೋದಂತೆಯೇ. ಸೊಪ್ಪಿನ ಮಾತೂ ಇದೆ, ಅದು ಮಾತ್ರೆಯ ಪರಿಣಾಮವನ್ನು ಕುಗ್ಗಿಸುತ್ತದೆ: ಬಸ್ಸಾರು ಬಿಡಬೇಕಿಲ್ಲ, ಒಂದು ವಾರ ದಿನವೂ ತಿಂದು ಮರುವಾರ ಪೂರ್ತಿ ಬಿಡಬಾರದು ಅಷ್ಟೆ. ಇದನ್ನು ಕೂತು ಬಿಡಿಸಿ ಹೇಳುವವರು ಬೇಕು.

ಹಣದ ತಡೆ ತೆಗೆದರೆ ಜೀವ ಉಳಿಯುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಪುರಾವೆಯಿದೆ. ಬಡವರ ದೊಡ್ಡ ಚಿಕಿತ್ಸೆಯ ಖರ್ಚು ಭರಿಸುತ್ತಿದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆಗೆ ಒಳಪಟ್ಟ ಉತ್ತರ ಕರ್ನಾಟಕದ ಹಳ್ಳಿಗಳ ಬಡಕುಟುಂಬಗಳಲ್ಲಿ, ಯೋಜನೆ ಮುಟ್ಟದ ಹಳ್ಳಿಗಳಿಗೆ ಹೋಲಿಸಿದರೆ, ಅದರ ವ್ಯಾಪ್ತಿಯ ಕಾಯಿಲೆಗಳ ಸಾವು ಶೇ. 64ರಷ್ಟು ಕಡಿಮೆಯಿತ್ತೆಂದು ಬ್ರಿಟಿಷ್ ಮೆಡಿಕಲ್ ಜರ್ನಲ್ 2014ರಲ್ಲಿ ಪ್ರಕಟಿಸಿತು. ಆದ್ದರಿಂದ ಜನಾಂಗದ ಕಾಲಂ ಇರುವಲ್ಲಿ ನಾವು ಬರೆದಿಡಬೇಕಾದ್ದು ರೇಷನ್ ಕಾರ್ಡಿನ ಬಗೆ, ಪರೀಕ್ಷೆಗೆ ಹೋಗುವ ದೂರ, ಆ ದಿನ ತಪ್ಪಿದ ಕೂಲಿ, ಮಗು ಬೇಕೇ ಎಂದು ಆಪರೇಷನ್ನಿಗೆ ಮುಂಚೆ ಅವಳನ್ನು ಕೇಳಿದರೇ ಎಂಬ ಸಂಗತಿ, ಮತ್ತು ವರ್ಷದ ಎಷ್ಟು ದಿನ ಅವಳ ಐಎನ್‌ಆರ್ ಮಿತಿಯೊಳಗಿತ್ತು ಎಂಬ ಲೆಕ್ಕ.