ಅಡುಗೆಮನೆಯಿಂದ ಹೊರಟ ಒಂದು ಪದರ

ಜರ್ಮನಿಯ ಬ್ರೌನ್‌ಷ್ವೈಗ್ ಪಟ್ಟಣದಲ್ಲಿ ಆಗ್ನೆಸ್ ಪೋಕೆಲ್ಸ್ ಎಂಬ ಯುವತಿ ಇದ್ದರು. ಭೌತಶಾಸ್ತ್ರ ಕಲಿಯಬೇಕೆಂಬುದು ಅವರ ಆಸೆ. ಆದರೆ 1880ರ ಸುಮಾರಿಗೆ ಅಲ್ಲಿನ ವಿಶ್ವವಿದ್ಯಾಲಯಗಳ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ಕಾಯಿಲೆಯ ತಂದೆತಾಯಿಯ ಆರೈಕೆ, ಮನೆಗೆಲಸಗಳ ನಡುವೆಯೇ ಅವರು ತಗಡಿನ ತೊಟ್ಟಿಯೊಂದರಲ್ಲಿ ನೀರು ತುಂಬಿ, ಅದರ ಮೇಲೆ ಎಣ್ಣೆ ಜಿಡ್ಡು ಹರಡಿದರೆ ಏನಾಗುತ್ತದೆಂದು ಅಳೆಯತೊಡಗಿದರು. ಪುಸ್ತಕಗಳನ್ನು ಒದಗಿಸುತ್ತಿದ್ದವನು ಓದಿಗೆ ಹೋಗಿದ್ದ ತಮ್ಮ. 1891ರಲ್ಲಿ ಅವರು ಇಂಗ್ಲೆಂಡಿನ ಲಾರ್ಡ್ ರೇಲೇ ಅವರಿಗೆ ಜರ್ಮನ್ ಭಾಷೆಯಲ್ಲಿ ಒಂದು ಪತ್ರ ಬರೆದರು. ರೇಲೇ ಅವರ ಪತ್ನಿ ಅದನ್ನು ಇಂಗ್ಲಿಷಿಗೆ ತಂದರು. ಪತ್ರ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು. ನೀರಿನ ಮೇಲೆ ಕೇವಲ ಒಂದು ಅಣುವಿನಷ್ಟು ದಪ್ಪದ ಪದರ ನಿಲ್ಲಬಲ್ಲದೆಂಬ ತಿಳಿವಳಿಕೆಗೆ ದಾರಿ ತೆರೆದದ್ದು ಹೀಗೆ.

ಈ ದಾರಿಯಲ್ಲಿ ಮುಂದೆ ನಡೆದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಅರ್ವಿಂಗ್ ಲ್ಯಾಂಗ್ಮ್ಯೂರ್ ಮತ್ತು ಕ್ಯಾಥರೀನ್ ಬ್ಲಾಜೆಟ್. ಕೇಂಬ್ರಿಜ್‌ನಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದ ಮೊದಲ ಮಹಿಳೆ ಬ್ಲಾಜೆಟ್. ನೀರಿನ ಮೇಲಿನ ಪದರವನ್ನು ಗಾಜಿನ ಮೇಲೆ ಒಂದರ ಮೇಲೊಂದರಂತೆ ಎತ್ತಿಕೊಳ್ಳುವುದನ್ನು ಅವರು ಸಾಧಿಸಿದರು. 1938ರಲ್ಲಿ ಇಂಥ 44 ಪದರಗಳನ್ನು ಲೇಪಿಸಿ, ಬೆಳಕು ಪ್ರತಿಫಲಿಸದ ಗಾಜನ್ನು ತೋರಿಸಿದರು. ಆದರೆ ಲೇಪ ಒರೆಸಿದರೆ ಹೋಗಿಬಿಡುತ್ತಿತ್ತು. ಕೆಲಸಕ್ಕೆ ವಿಶೇಷ ತೊಟ್ಟಿ ಬೇಕಿತ್ತು. ಅತಿ ಎಚ್ಚರದ ಕೈಯೂ ಬೇಕಿತ್ತು.

ಇದಕ್ಕಿಂತ ಸರಳವಾದ ಉಪಾಯವನ್ನು 1966ರಲ್ಲಿ ಡ್ಯುಪಾಂಟ್ ಕಂಪೆನಿಯ ರಾಲ್ಫ್ ಐಲರ್ ಪ್ರಕಟಿಸಿದರು. ಧನ ವಿದ್ಯುದಾವೇಶ ಇರುವುದು ಋಣ ಆವೇಶ ಇರುವುದನ್ನು ಸೆಳೆಯುತ್ತದೆ. ಹಾಗಾದರೆ ಗಾಜನ್ನು ಎರಡು ಬಗೆಯ ಕಣಗಳ ದ್ರವದಲ್ಲಿ ಒಮ್ಮೆ ಅದರಲ್ಲಿ, ಒಮ್ಮೆ ಇದರಲ್ಲಿ ಅದ್ದಿದರೆ ಸಾಕಲ್ಲವೇ? ಪದರ ತಾನಾಗಿಯೇ ಬೆಳೆಯಿತು. ಆದರೆ ಆ ಬರಹವನ್ನು ಗಮನಿಸಿದವರು ವಿರಳ. ಸುಮಾರು ಕಾಲು ಶತಮಾನ ಅದು ಗ್ರಂಥಾಲಯಗಳಲ್ಲಿ ಮಲಗಿತ್ತು.

1991ರ ಹೊತ್ತಿಗೆ ಜರ್ಮನಿಯ ಮೈಂಝ್‌ನಲ್ಲಿ ಗೆರೋ ಡೆಕರ್ ಮತ್ತು ಜೊಂಗ್-ದಾಲ್ ಹೊಂಗ್ ತಮ್ಮದೇ ದಾರಿಯಲ್ಲಿ ಇದೇ ತತ್ವಕ್ಕೆ ಬಂದರು. ಮುಂದೆ ಕಣಗಳ ಬದಲು ಆವೇಶವುಳ್ಳ ಪಾಲಿಮರ್‌ಗಳನ್ನೂ ಬಳಸಿದರು. ಪಾಲಿಮರ್ ಎಂದರೆ ಉದ್ದನೆಯ ಸರಪಳಿಯಂಥ ಅಣು. ಗಾಜನ್ನು ಮೊದಲ ದ್ರಾವಣದಲ್ಲಿ ಅದ್ದಿ, ನೀರಿನಲ್ಲಿ ತೊಳೆದು, ಎರಡನೆಯದರಲ್ಲಿ ಅದ್ದಿ, ಮತ್ತೆ ತೊಳೆಯುವುದು. ಪ್ರತಿ ಸಲವೂ ಅಂಟುವ ಪಾಲಿಮರ್ ಕೆಳಗಿನ ಆವೇಶವನ್ನು ಸರಿದೂಗಿಸಿ ನಿಲ್ಲುವುದಿಲ್ಲ, ತುಸು ಮೀರುತ್ತದೆ. ಮೇಲ್ಮೈಯ ಆವೇಶ ತಿರುವುಮುರುವಾಗಿ ಮುಂದಿನ ಪದರವನ್ನು ಕರೆಯುತ್ತದೆ. ಒಂದೊಂದು ಪದರವೂ ಕೆಲವೇ ನ್ಯಾನೋಮೀಟರ್. ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಇದಕ್ಕೆ ಬೇಕಾದದ್ದು ಕೆಲವು ಗಾಜಿನ ಬೀಕರುಗಳು, ನೀರು, ತಾಳ್ಮೆ.

1998ರಲ್ಲಿ ಹೆಲ್ಮುತ್ ಮೋವಾಲ್ಡ್ ಅವರ ಮಾಕ್ಸ್ ಪ್ಲಾಂಕ್ ಸಂಸ್ಥೆಯ ತಂಡ ಗಾಜಿನ ಬದಲು ಸೂಕ್ಷ್ಮ ಗುಂಡುಗಳ ಮೇಲೆ ಪದರ ಹೊದಿಸಿ, ಒಳಗಿನ ಗುಂಡನ್ನು ಕರಗಿಸಿ ತೆಗೆಯಿತು. ಉಳಿದದ್ದು ಟೊಳ್ಳಾದ ಪುಟ್ಟ ಚಿಪ್ಪು. ಅದರೊಳಗೆ ಔಷಧಿ ತುಂಬಿ ದೇಹದ ಬೇಕಾದ ಜಾಗಕ್ಕೆ ಕಳಿಸಬಹುದೇ ಎಂಬ ಹುಡುಕಾಟಕ್ಕೆ ಅಲ್ಲಿಂದ ಚಾಲನೆ ಸಿಕ್ಕಿತು.

ಇಷ್ಟು ಅಗ್ಗದ ವಿಧಾನ ಇಷ್ಟು ತಡವಾಗಿ ಬೇರೂರಿದ್ದೇಕೆ? ಉಪಕರಣವಿಲ್ಲದೆ ಅಲ್ಲ, ಬುದ್ಧಿಯಿಲ್ಲದೆ ಅಲ್ಲ. ಹೇಳಿದವರ ಮಾತನ್ನು ಕೇಳುವವರು ಆ ಹೊತ್ತಿಗೆ ಇರಲಿಲ್ಲ. ರೇಲೇ ಆ ಅಪರಿಚಿತ ಹೆಣ್ಣುಮಗಳ ಪತ್ರವನ್ನು ಬದಿಗಿಟ್ಟಿದ್ದರೆ ಅವರ ಅಳತೆಗಳೂ ಐಲರ್ ಬರಹದಂತೆ ಮಲಗಿಬಿಡುತ್ತಿದ್ದವು. ಡೆಕರ್ ತಮ್ಮ ಬರಹಗಳಲ್ಲಿ ಐಲರ್ ಹೆಸರನ್ನು ಮುಚ್ಚಿಡಲಿಲ್ಲ. ಅದು ದೊಡ್ಡ ಮಾತು.

1932ರಲ್ಲಿ ಲ್ಯಾಂಗ್ಮ್ಯೂರ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಅದೇ ವರ್ಷ ಬ್ರೌನ್‌ಷ್ವೈಗ್‌ನ ತಾಂತ್ರಿಕ ವಿಶ್ವವಿದ್ಯಾಲಯ ಆಗ್ನೆಸ್ ಪೋಕೆಲ್ಸ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕಾಲೇಜಿನ ಮೆಟ್ಟಿಲು ಹತ್ತಲಾಗದ ಆ ಹೆಣ್ಣುಮಗಳಿಗೆ ಆಗ 70 ವರ್ಷ.